ಕೌದಿ ಹಾಕಿ ಹರಿದ ಬೆಲ್ಟು

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಮಹಾನವಮಿ ಅಮಾವಾಸ್ಯೆ ಬರುವ ಮೊದಲು ಹಾಸಿಗೆ ಹೊದಿಕೆಯೆಲ್ಲ ನೀರು ಕಾಣಲೇಬೇಕು. ದಿಂಬಿನ ಚೀಲವೊಂದು ಉಳಿದರೂ ಅತ್ತೆ ನವರಾತ್ರಿಯ ಘಟ ಕೂಡಿಸುವುದಿಲ್ಲ. ಮಾವ ತೀರಿಕೊಂಡ ವರ್ಷ ನಮಗೆ ಹಬ್ಬವಿರಲಿಲ್ಲ. ಮರುವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡರು; ಒಳಗೆ ಲೋಹದ ಪಟ್ಟಿ ಹಾಕಿದ್ದಾರೆ. ಆಗಲೂ ಘಟ ಕೂಡಲಿಲ್ಲ. ಹೀಗಾಗಿ ಈ ಸಲ ಏನೇ ಆದರೂ ಘಟ ಕೂಡಲೇಬೇಕೆಂದು ಹಟ ಹಿಡಿದಿದ್ದರು. ಅದಕ್ಕೆ ಅವರ ಕೌದಿ ಒಗೆಯಬೇಕಿತ್ತು.

ಆ ಕೌದಿ ಸಣ್ಣದಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹರವಿ, ಮದುವೆಯಾದ ಹೊಸತರಲ್ಲಿ ಅತ್ತೆ ಕೈಯಾರೆ ಹೊಲಿದದ್ದು. ಒಣಗಿದ್ದಾಗ ಎತ್ತಿದರೇ ಸೊಂಟ ಹಿಡಿಯುತ್ತದೆ, ನೆನೆದರಂತೂ ಕೇಳುವುದೇ ಬೇಡ. ಮೊದಲು ಮಂಠಾಳದಲ್ಲಿರುವ ಅತ್ತೆಯ ತವರಿನ ಹೊಲಕ್ಕೆ ಒಯ್ದು, ಬಾವಿಯ ಹತ್ತಿರದ ಕಲ್ಲಿಗೆ ಬಡಿದು, ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಿದ್ದರಂತೆ. ನಾನು ಮಹಾ ಜಾಣೆ. ಮನೆಯಲ್ಲಿ ವಾಷಿಂಗ್ ಮಷಿನ್ ಇಟ್ಟುಕೊಂಡು ಮಂಠಾಳಕ್ಕೆ ಯಾಕೆ ಹೋಗಬೇಕೆಂದು ಕೌದಿಯನ್ನು ಅದರೊಳಗೆ ಮೊಣಕೈಯಿಂದ ಒತ್ತಿ ಒತ್ತಿ ತುರುಕಿದೆ. ಮಷಿನ್ ಸ್ವಲ್ಪ ಹೊತ್ತು ನರಳಿತು. ಸುಟ್ಟ ರಬ್ಬರಿನ ವಾಸನೆ ಬಂತು. ಆಮೇಲೆ ಒಳಗಿನ ಮೋಟಾರು ಮಾತ್ರ ಗುಂಯ್ ಎನ್ನುತ್ತ ತಿರುಗಿತು, ಕೌದಿ ಕದಲಲಿಲ್ಲ.

ನಾನೂ ನಮ್ಮ ಮನೆಯವರೂ ಸೇರಿ ಅದನ್ನು ಹೊರಗೆಳೆದು ಹಿತ್ತಲ ಗೋಡೆಯ ಮೇಲೆ ಹಾಕಿದೆವು. ಕೊಳೆ ಕೊಳೆಯಾಗಿಯೇ ಉಳಿದಿತ್ತು.

"ಬಿಡು, ನಾನೇ ಮಂಠಾಳಕ್ಕ ಒಯ್ದು ಒಗಕೊಂಡು ಬರ್ತೀನಿ," ಎಂದರು ಅತ್ತೆ.

"ಆ ಕೈಲೇನ್ರಿ ಅತ್ತಿ? ತುಂಬಿದ ಕೊಡ ಸುದ್ದಾ ಎತ್ತಬ್ಯಾಡ್ರಿ ಅಂದಾರ ಡಾಕ್ಟರು."

"ಡಾಕ್ಟರ್ ಬಂದು ನಮ್ಮನಿ ಘಟ ಕೂಡಸ್ತಾನೇನು?"

ಅವರು ಬಾಯಿಮಾತಿಗೆ ಹೇಳುವವರಲ್ಲ. ಒಂದು ದಿನ ನಾವೇಳುವ ಮೊದಲೇ ಗಂಟು ಕಟ್ಟಿಕೊಂಡು ಬಸ್ಸು ಹತ್ತಿಬಿಡುತ್ತಾರೆ. ಆ ಕೈಯಲ್ಲಿ ಒದ್ದೆ ಕೌದಿ ಹಿಂಡಿದರೆ ಏನಾದೀತು? ಆಪರೇಷನ್ ಆದಾಗ ಅವರು ಹಲ್ಲು ಕಚ್ಚಿ ಮಲಗಿದ್ದನ್ನು ಆಸ್ಪತ್ರೆಯಲ್ಲಿ ಪಕ್ಕ ಕೂತು ನೋಡಿದವಳು ನಾನು.

ನಮ್ಮ ಮನೆಯವರು ಮೆಕ್ಯಾನಿಕ್‌ಗೆ ಫೋನು ಹಚ್ಚಿದರು. "ಹಬ್ಬ ಆದಮ್ಯಾಲ ಬರ್ತಾನಂತ," ಎಂದು ಹೇಳಿ, ಮಷಿನ್ ರಿಪೇರಿಯಾದಷ್ಟೇ ಸಮಾಧಾನದಿಂದ ಫೋನನ್ನು ಜೇಬಿಗಿಳಿಸಿದರು. ನನಗೆ ಮೈಯೆಲ್ಲ ಉರಿಯಿತು. ನಾನು ಮನೆಯಲ್ಲೇ ಬ್ಲೌಸು ಹೊಲಿಯುವವಳು. ಹೊಲಿಗೆ ಮಷಿನ್ನಿನ ಗಾಲಿ, ಬೆಲ್ಟು ನನ್ನ ಕಣ್ಣೆದುರೇ ತಿರುಗುತ್ತವೆ. ಅದು ಕೆಟ್ಟಾಗಲೆಲ್ಲ ಯಾರನ್ನೂ ಕರೆದವಳಲ್ಲ. ಇದೂ ಒಂದು ಮಷಿನ್ ತಾನೆ? ಪ್ಲಗ್ ಕಿತ್ತು, ಮಷಿನ್ನನ್ನು ಗೋಡೆಯಿಂದ ಈಚೆ ಎಳೆದು, ಹಿಂದಿನ ತಗಡಿನ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕೂತೆ.

ಬೋರಿನ ನೀರಿಗೆ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿದ್ದವು. ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟು, ಒಂದು ಚಹಾ ಕುಡಿದು ಬಂದು ತಿರುಗಿಸಿದ ಮೇಲೆ ಒಂದೊಂದಾಗಿ ಬಿಚ್ಚಿಕೊಂಡವು. ಒಳಗೆ ಜೇಡರ ಬಲೆ, ಮೂರ್ನಾಲ್ಕು ಗುಂಡಿ, ಯಾವಾಗಲೋ ಕಳೆದ ನನ್ನ ಪಿನ್ನು. ಅವುಗಳ ನಡುವೆ ಹರಿದ ಬೆಲ್ಟು ಸತ್ತ ಹಾವಿನ ಹಾಗೆ ಬಿದ್ದಿತ್ತು. ಮೇಲಿನ ನಂಬರು ಅಳಿಸಿಹೋಗಿತ್ತು. ಬೇರೆ ಏನೂ ಮುರಿದಿಲ್ಲವೆಂದು ಗಾಲಿಗಳನ್ನು ಕೈಯಲ್ಲೇ ತಿರುಗಿಸಿ ನೋಡಿಕೊಂಡೆ.

ನಮ್ಮೂರಿನ ಅಂಗಡಿಗಳಲ್ಲಿ ಆ ಅಳತೆಯ ಬೆಲ್ಟು ಸಿಗಲಿಲ್ಲ. ಹರಿದದ್ದನ್ನು ಕೈಚೀಲದಲ್ಲಿ ಹಾಕಿಕೊಂಡು ಹುಮನಾಬಾದಿನ ಬಸ್ಸು ಹತ್ತಿದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಮಿಕ್ಸರ್, ಕೂಲರ್ ಸಾಮಾನು ಮಾರುವ ಅಂಗಡಿಯೊಂದಿದೆ. ಅಂಗಡಿಯವನು ಬೆಲ್ಟನ್ನು ಮೂಗಿನ ಹತ್ತಿರ ಹಿಡಿದು ಮೂಸಿ, "ಕೌದಿ ಹಾಕಿದ್ರೇನ್ರಿ ಅಕ್ಕಾರ?" ಎಂದ.

"ನಿಮಗ ಹ್ಯಾಂಗ ಗೊತ್ತಾತ್ರಿ?"

"ಈ ಅಮಾಸಿ ಮುಂದ ಬರೋರೆಲ್ಲಾ ಕೌದಿ ಹಾಕಿದೋರೇ. ನನ್ನ ಧಂದಾ ನಡಿಯಾಕತ್ತಿದ್ದೇ ಕೌದಿ ಮ್ಯಾಲ ನೋಡ್ರಿ."

ಎಷ್ಟು ಸಿಟ್ಟು ಬಂದಿದ್ದರೂ ನಗು ತಡೆಯಲಾಗಲಿಲ್ಲ. ಅವನಲ್ಲಿದ್ದ ಬೆಲ್ಟು ನಮ್ಮದಕ್ಕಿಂತ ತುಸು ಉದ್ದ. ಮೋಟಾರಿನ ಬೋಲ್ಟು ಸಡಿಲಿಸಿ ಹಿಂದಕ್ಕೆ ಸರಿಸಿದರೆ ಬಿಗಿಯಾಗುತ್ತದೆ ಎಂದ. ಹೊಲಿಗೆ ಮಷಿನ್ನಿಗೆ ಹೊಸ ಮೋಟಾರು ಕೂಡಿಸುವಾಗ ನಾನೂ ಹಾಗೇ ಮಾಡಿದ್ದೆ, ತಕರಾರಿಲ್ಲದೆ ತೆಗೆದುಕೊಂಡೆ. ಹೊರಡುವಾಗ ಅವನು ಕೂಗಿದ: "ಮತ್ತ ಕೌದಿ ಹಾಕಬ್ಯಾಡ್ರಿ. ಈ ಸಲ ಬೆಲ್ಟಲ್ಲ, ಗೇರ್ ಡಬ್ಬಿನೇ ಹೋಗ್ತದ."

ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ತಲೆಗೆ ಇಳಿಯಿತು. ಮಷಿನ್ ಸುಧಾರಿಸಿದರೂ ಕೌದಿ ಒಗೆದಂತಾಗುವುದಿಲ್ಲ. ಅತ್ತೆಯನ್ನು ಇನ್ನು ಹೇಗೆ ತಡೆಯುವುದು? ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಮನೆಗೆ ಬಂದು ಬೆಲ್ಟನ್ನು ಎರಡು ಗಾಲಿಗಳ ಮೇಲೆ ಏರಿಸಿದೆ. ನಮ್ಮ ಮನೆಯವರು ಮೋಟಾರನ್ನು ಹಿಂದಕ್ಕೆ ಜಗ್ಗಿ ಹಿಡಿದರು, ನಾನು ಬೋಲ್ಟು ಬಿಗಿದೆ. ಮೊದಲ ಸಲ ಸಡಿಲಾಗಿ ಬೆಲ್ಟು ಜಾರಿತು. "ಊಟ ಮಾಡೀರಿಲ್ಲೋ? ಜರಾ ಜೋರ್ಲೆ ಜಗ್ರಿ," ಎಂದೆ. ಎರಡನೆಯ ಸಲ ಸರಿ ಕೂತಿತು. ತಗಡು ಮುಚ್ಚಿ, ನೀರು ಬಿಟ್ಟು, ದಿಂಬಿನ ಚೀಲಗಳನ್ನು ಹಾಕಿ ಗುಂಡಿ ತಿರುಗಿಸಿದೆ. ಚೀಲಗಳು ನೊರೆಯಲ್ಲಿ ಗರಗರ ಸುತ್ತಿದವು. ಖುಷಿಗೆ ಕುಣಿಯಬೇಕೆನ್ನಿಸಿತು.

ಅತ್ತೆ ಗೋಡೆಯ ಮೇಲಿನ ಕೌದಿಯನ್ನು ಎಳೆದುಕೊಂಡು ಬಂದರು. "ಛಲೋ ಆತು. ಹಾಕು ಇನ್ನ."

ಹೇಳದೆ ಗತ್ಯಂತರವಿರಲಿಲ್ಲ. "ಇಷ್ಟು ದೊಡ್ಡದು ಹಾಕಬಾರದಂತ್ರಿ ಅತ್ತಿ. ಪೂರಾ ಮಷಿನ್ನೇ ಹೋಗ್ತದಂತ."

ಅವರು ಕೌದಿ ಎಳೆದುಕೊಂಡು ಒಳಗೆ ಹೋದರು. ಮಂಠಾಳಕ್ಕೆ ಗಂಟು ಕಟ್ಟುತ್ತಾರೆಂದುಕೊಂಡು, ಜಗಳಕ್ಕೆ ತಯಾರಾಗಿಯೇ ನಾನೂ ಹಿಂದೆ ಹೋದೆ. ಅತ್ತೆ ಕೌದಿಯನ್ನು ನೆಲಕ್ಕೆ ಹಾಸಿ, ನನ್ನ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದುಕೊಂಡು, ತಾವೇ ಹಾಕಿದ ಹೊಲಿಗೆಯ ಸಾಲು ಹಿಡಿದು ನಟ್ಟನಡುವೆ ಕತ್ತರಿಸುತ್ತಿದ್ದರು.

"ಅಯ್ಯ, ಏನ್ ಮಾಡಾಕತ್ತೀರಿ ಅತ್ತಿ?"

"ಇಬ್ಬರಿಗಂತ ಹೊಲದಿದ್ದೆ. ನನಗೊಬ್ಬಾಕಿಗೆ ಅರ್ಧ ಸಾಕಾಗ್ತದ," ಎಂದರು, ತಲೆ ಎತ್ತದೆ.

ನನಗೆ ಅಳು ಬಂತು. ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ಕೂತೆ. ಪದರಗಳು ಬಿಚ್ಚದಂತೆ ಅವರು ಕತ್ತರಿಸಿದ ಅಂಚುಗಳಿಗೆ ಉದ್ದುದ್ದ ಹೊಲಿಗೆ ಹಾಕಿದರು. ನಾನು ಎರಡು ತುಂಡುಗಳನ್ನೂ ಹೆಗಲ ಮೇಲೆ ಹಾಕಿಕೊಂಡು ಮಷಿನ್ ಹತ್ತಿರ ಬಂದು, ಯಾವುದನ್ನು ಮೊದಲು ಹಾಕಲಿ ಎಂದು ಕೇಳಿದೆ.

ಅತ್ತೆ ಎರಡನ್ನೂ ಮುಟ್ಟಿ ನೋಡಿದರು. "ಇದು ಅವ್ರು ಮಲಗತಿದ್ದ ಮಗ್ಗಲು," ಎಂದರು. "ಅವ್ರದು ಮೊದಲ ಹಾಕು."