ನಡುಮನೆಯಲ್ಲಿ ಹಾಜರಿ

ಸ್ನೇಹಿತರೇ, ಇವತ್ತು ಶಿರಾದಲ್ಲಿ ನನಗೂ ಮೇಷ್ಟ್ರ ಕೆಲಸ ಸಿಕ್ಕಿತು. ಕೊರೊನಾದಿಂದ ಶಾಲೆ ತೆರೆದಿಲ್ಲ. ಮೂರನೇ ತರಗತಿಯ ಪಾಠ ಮನೆಯಲ್ಲೇ ಶುರು ಮಾಡಿ ಎಂದು ಮಗಳ ಮಿಸ್ ಮೆಸೇಜ್ ಹಾಕಿದ್ದರು. ಮಗಳು ಹರ್ಷಿತಾ ಯೂನಿಫಾರ್ಮ್ ತೊಟ್ಟು ನಡುಮನೆಯ ಚಾಪೆ ಮೇಲೆ ಕೂತಳು. ಹಾಜರಿಗೆಂದು ಅವಳ ಹೆಸರು ಕೂಗಿದೆ. ಅವಳು ಬೇಡವೆಂದು ಕೈಯಾಡಿಸಿದಳು.

"ಅಪ್ಪ, ನಂದು ಹತ್ತೊಂಬತ್ನೇ ನಂಬರ್ರು. ಮೊದ್ಲಿರೋ ಹದಿನೆಂಟು ಜನಾನೂ ಕೂಗು."

ಅವಳೇ ಹೆಸರು ಹೇಳಿಕೊಟ್ಟಳು, ನಾನು ಕೂಗಿದೆ. ಪ್ರತಿ ಹೆಸರಿಗೂ "ಬಂದಿಲ್ಲ ಮಿಸ್" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂರುವ ರುಖಿಯಾಳ ಹೆಸರು ಬಂದಾಗ ಮಾತ್ರ ಒಮ್ಮೆ ಬಾಗಿಲ ಕಡೆ ನೋಡಿ, ತಡೆದು ಹೇಳಿದಳು.

ಹದಿನೆಂಟೂ ಮುಗಿದವು. ಎದ್ದು ನಿಂತು "ಪ್ರೆಸೆಂಟ್ ಮಿಸ್" ಎಂದಳು.

"ಪುಸ್ತಕ ತೆಗಿಯಮ್ಮ" ಎಂದೆ.

"ಒಬ್ಳೇ ಬಂದ್ರೆ ಹೊಸ ಪಾಠ ಮಾಡಲ್ಲ ಕಣಪ್ಪ. ಮನೆಗೆ ಕಳಿಸ್ಬುಡ್ತಾರೆ."

"ಸರಿ ಬುಡು, ಮನೆಗೋಗು."

ಖುಷಿಯಿಂದ ಬ್ಯಾಗು ಹೆಗಲಿಗೇರಿಸಿ ಎರಡು ಹೆಜ್ಜೆ ಇಟ್ಟಳು. ಆಮೇಲೆ ಎತ್ತ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತು ನನ್ನ ಮುಖ ನೋಡಿದಳು.

ಮೇಷ್ಟ್ರಿಗೂ ಗೊತ್ತಿರಲಿಲ್ಲ ನೋಡಿ.