ಕೈ ಕಟ್ಟಿಕೊಂಡು ಗೋಲು ಕಾಯುವ ರಾಜೇಸಾಬ

ಕುರ್ಲಾದ ಮೈದಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಳೆಗೆ ನೆಲವೆಲ್ಲ ರಾಡಿ. ಆ ರಾಡಿಯಲ್ಲಿ ಗೂಳಿಯಂಥ ಆಳೊಬ್ಬ ಎರಡೂ ಕೈ ಬೆನ್ನ ಹಿಂದೆ ಕಟ್ಟಿಸಿಕೊಂಡು ಚೆಂಡಿನ ಹಿಂದೆ ಓಡುತ್ತಿದ್ದಾನೆ. ಹಾಲಿನ ಭಯ್ಯಾ ಸೈಕಲ್ ನಿಲ್ಲಿಸಿ ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಪೊಲೀಸರಿಂದ ತಪ್ಪಿಸಿಕೊಂಡು ಬಂದವನೇ ಇರಬೇಕೆಂದು ಅವನ ಗುಮಾನಿ. ಅಲ್ಲಪ್ಪಾ, ಅಲ್ಲ! ಇವನು ರಾಜೇಸಾಬ, ಇಲ್ಲಿನ ಟ್ರಂಕು ಕಾರ್ಖಾನೆಯ ಫುಟ್‌ಬಾಲ್ ಟೀಮಿನ ಹಾಫ್‌ಬ್ಯಾಕ್. ಕೈ ಕಟ್ಟಿದವಳು ಅವನ ಹೆಂಡತಿ ಬೀಬೀಜಾನ, ತನ್ನದೇ ಹಳೇ ಸೀರೆಯ ತುಂಡಿನಿಂದ.

ಗೋಲು ಹೊಡೆದ ಫಾರ್ವರ್ಡನನ್ನು ಜನ ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಹಾರಿ ಚೆಂಡು ಹಿಡಿದ ಗೋಲ್‌ಕೀಪರನಿಗೆ ಸೀಟಿ ಬೀಳುತ್ತದೆ. ಇವರಿಬ್ಬರ ನಡುವೆ ನಿಂತು, ನುಗ್ಗಿ ಬಂದವರನ್ನು ಗೋಲಿನ ಹತ್ತಿರಕ್ಕೇ ಬಿಡದ ಹಾಫ್‌ಬ್ಯಾಕನನ್ನು ಕೇಳುವವರು ಯಾರು? ಟೀಮಿನ ಗೋಲ್‌ಕೀಪರ್ ಗುರಲಿಂಗಪ್ಪನನ್ನು ಕೇಳಬೇಕು. "ಅಂವ ಮುಂದ ನಿಂತಾನಂದ್ರ ನನಗ ಕೆಲಸಾನ ಇರಂಗಿಲ್ರಿ. ಖರೇ ಹೇಳ್ತೀನಿ, ಮ್ಯಾಚಿನ್ಯಾಗ ನಿಂತು ಆಕಳಿಸೀನಿ. ಅಂವ ಇಲ್ಲಂದ್ರ ನೋಡ್ರಿ, ಉಗುಳು ನುಂಗಾಕೂ ಪುರಸೊತ್ತಿಲ್ಲ" ಎಂದು ಅವನು ನಗುತ್ತಾನೆ.

ರಾಜೇಸಾಬ ಇಂಡಿ ಕಡೆಯವನು, ಗರಡಿಮನೆಯ ಹುಡಿಯಲ್ಲಿ ಬೆಳೆದವನು. ಮುಂಬಯಿಗೆ ಬಂದು ತಗಡು ಹೊರುತ್ತಿದ್ದಾಗ ಟೀಮಿನವರ ಕಣ್ಣಿಗೆ ಬಿದ್ದ. ಆಡಿದರೆ ಕಾರ್ಖಾನೆಯೊಳಗೆ, ರಜೆ ಹೋದವರ ಜಾಗದಲ್ಲಿ, ಬದ್ಲಿ ಕೆಲಸ ಕೊಡುತ್ತೇವೆ ಎಂದರು. ಈತ ಹೂಂ ಎಂದ. ಆಟವೇನೋ ಬೇಗ ಹತ್ತಿತು, ಆದರೆ ಕುಸ್ತಿ ಮೈಬಿಟ್ಟು ಹೋಗಬೇಕಲ್ಲ! ಈ ಮಳೆಗಾಲದ ಲೀಗಿನ ಮೊದಲ ಮ್ಯಾಚಿನಲ್ಲಿ, ಬ್ಯಾಂಕ್ ಟೀಮಿನ ಫಾರ್ವರ್ಡ್ ಗೋಲಿನ ಎದುರಿಗೇ ಇವನನ್ನು ದಾಟಿ ಹೊರಟ. ಇವನು ಅವನ ನಡ ಹಿಡಿದು ಎತ್ತಿ, ಅಂಗಾತ ಕೆಡವಿ, ಎದ್ದು ನಿಂತು ತೊಡೆ ತಟ್ಟಿಬಿಟ್ಟ. ಕುಸ್ತಿಯಾಗಿದ್ದರೆ ತಲೆಗೆ ಪಟಕಾ ಸುತ್ತುತ್ತಿದ್ದರು. ಇಲ್ಲಿ ರೆಫರಿ ಪೆನಾಲ್ಟಿ ಕೊಟ್ಟು, ಇವನನ್ನು ಮೈದಾನದಿಂದ ಆಚೆಗೆ ಅಟ್ಟಿದ.

"ಮಂದಿ ಬಿದ್ದು ಬಿದ್ದು ನಕ್ಕರರಿ. ನನಗ ಭೂಮಿ ಬಾಯಿ ಬಿಟ್ಟರ ಸಾಕಾಗಿತ್ತು" ಎನ್ನುತ್ತಾನೆ ರಾಜೇಸಾಬ.

ಮುಂದಿನ ಮ್ಯಾಚುಗಳಿಗೆ ಅವನನ್ನು ಹೊರಗೆ ಕೂರಿಸಿದರು. ಆಗ ಗೊತ್ತಾಯಿತು ನೋಡಿ ಹಾಫ್‌ಬ್ಯಾಕಿನ ಬೆಲೆ! ಎದುರಾಳಿಗಳು ತೆರೆದ ಬಾಗಿಲಿನ ಮನೆಗೆ ಬಂದಂತೆ ಬಂದು ಗೋಲು ಹೊಡೆದು ಹೋದರು. ಟೀಮು ಪಟ್ಟಿಯ ತಳಕ್ಕಿಳಿಯಿತು. ಕೆಳಗಿನ ಡಿವಿಜನ್ನಿಗೆ ಬಿದ್ದರೆ ಟೀಮು ಬಂದ್, ಆಟಕ್ಕಾಗಿ ತೆಗೆದುಕೊಂಡ ಬದ್ಲಿಗಳೂ ಮನೆಗೆ ಎಂದರು ಮ್ಯಾನೇಜರ್ ಸಾಹೇಬರು. ರಾಜೇಸಾಬನನ್ನು ಮತ್ತೆ ಇಳಿಸಲೇಬೇಕು, ಇಳಿಸಿದರೆ ಆ ಕೈಗಳ ಭಯ.

ದಾರಿ ತೋರಿಸಿದವಳು ಬೀಬೀಜಾನ. "ಮೂರು ದಿನ ಇವರಿಗೆ ರೊಟ್ಟಿ ಗಂಟಲದಾಗ ಇಳೀಲಿಲ್ರಿ. ಕೈ ಸುಮ್ನಿರಂಗಿಲ್ಲಂದ್ರ ಕಟ್ಟಿಬಿಡೂನು ಬರ್ರಿ, ಹೋರಿಗೆ ಮೂಗುದಾರ ಹಾಕಂಗಿಲ್ಲೇನು ಅಂದೆ" ಎಂದು ಸೆರಗು ಬಾಯಿಗೆ ಹಿಡಿದು ನಗುತ್ತಾಳೆ. ಅಂದಿನಿಂದ ಬೆಳಗಾದರೆ ಕೈ ಕಟ್ಟಿಸಿಕೊಂಡೇ ಓಟ. ಮೊದಮೊದಲು ಮುಗ್ಗರಿಸಿ ಮುಖವೆಲ್ಲ ಕೆಸರು. ಬರಬರುತ್ತ ಎದೆ, ಭುಜ, ಕಾಲು ಮೂರೇ ಸಾಕೆಂದು ಮೈಗೆ ತಿಳಿಯಿತು.

ಕಳೆದ ಭಾನುವಾರ ಫೋರ್ಟ್ ಮೈದಾನದಲ್ಲಿ ಲೀಗಿನ ಕೊನೆಯ ಮ್ಯಾಚು. ರಾಜೇಸಾಬನನ್ನು ಮತ್ತೆ ಇಳಿಸಿದರು, ಎದುರಿಗೆ ಅದೇ ಬ್ಯಾಂಕ್ ಟೀಮು. ಗೆಲ್ಲದಿದ್ದರೂ ಅಡ್ಡಿಯಿಲ್ಲ, ಸೋಲಬಾರದು. ಆಟ ಮುಗಿಯಲು ಇನ್ನೇನು ಬಂತು ಎನ್ನುವಾಗ ಅದೇ ಫಾರ್ವರ್ಡ್ ಗೋಲಿನತ್ತ ನುಗ್ಗಿದ. ಬೀಬೀಜಾನ ಗೆರೆಯ ಆಚೆ ಕಣ್ಣು ಮುಚ್ಚಿಕೊಂಡಳು.

"ನಡ ಕೈಗೆ ಸಿಗೂವಂಗಿತ್ತರಿ" ಎನ್ನುತ್ತಾನೆ ರಾಜೇಸಾಬ. "ಹಿಡಿ ಅಂತು ಜೀವ. ಕೈ ಮಾತ್ರ ತಾವ ಬೆನ್ನ ಹಿಂದ ಹೋಗಿ ಒಂದನ್ನೊಂದು ಹಿಡಕೊಂಡುವು." ಹಾಗೇ ಓಡಿ ಅವನು ಚೆಂಡಿಗೆ ಎದೆಯೊಡ್ಡಿದ. ಗೋಲಿಗೆ ಹೋಗಬೇಕಿದ್ದ ಚೆಂಡು ದಪ್ಪನೆ ಬಡಿದು ಗೆರೆಯಾಚೆ ಹಾರಿತು. ರೆಫರಿ ಆಟ ಮುಗಿದ ಸೀಟಿ ಊದಿದ. ಬದುಕಿದೆಯಾ ಬಡಜೀವವೇ ಎಂದು ಗುರಲಿಂಗಪ್ಪ ರಾಡಿಯಲ್ಲೇ ಕೂತುಬಿಟ್ಟ. ಅಂದು ರಾತ್ರಿ ರಾಜೇಸಾಬ ಹೊಟ್ಟೆ ತುಂಬ ರೊಟ್ಟಿ ತಿಂದ, ಹಗುರಾಗಿ ಮಲಗಿದ.

ಟೀಮು ಉಳಿಯಿತು, ಕೆಲಸವೂ ಉಳಿಯಿತು. ಲೀಗು ಮುಗಿದರೂ ಇವತ್ತು ಯಾಕಪ್ಪಾ ಈ ಕಟ್ಟು ಎಂದರೆ, "ಬರೂ ವರ್ಷಾನೂ ಕೈ ಇವೇ ಅಲ್ಲೇನ್ರಿ?" ಎನ್ನುತ್ತಾನೆ.

ಬೀಬೀಜಾನಳಿಗೆ ಮಾತ್ರ ಒಂದು ಸಿಟ್ಟು ಇಳಿದಿಲ್ಲ. ಸೋಮವಾರದ ಪೇಪರನ್ನು ಗುರಲಿಂಗಪ್ಪನಿಂದ ಓದಿಸಿದರೆ ಮೂಲೆಯಲ್ಲಿ ಎರಡು ಟೀಮುಗಳ ಹೆಸರು, ಸೊನ್ನೆ-ಸೊನ್ನೆ, ಅಷ್ಟೇ. "ಇಷ್ಟೆಲ್ಲಾ ಮಾಡಿ ನಿಮ್ಮ ಹೆಸರ ಇಲ್ಲಲ್ರಿ!" ಎಂದು ಈಗಲೂ ಮುಖ ಊದಿಸುತ್ತಾಳೆ, ಗಂಡನ ಕೈಯ ಗಂಟು ಬಿಚ್ಚುತ್ತ.

ರಾಜೇಸಾಬ ಮಣಿಕಟ್ಟು ಉಜ್ಜಿಕೊಂಡು ನಗುತ್ತಾನೆ. "ಎರಡು ಸೊನ್ನಿ ಅದಾವಲ್ಲ ಹುಚ್ಚಿ. ನಮ್ಮ ಹೆಸರಿನ ಮುಂದಿಂದು ನಮ್ಮ ಫಾರ್ವರ್ಡ್ ಮಂದೀದು. ಬ್ಯಾಂಕಿನವರ ಮುಂದಿಂದು ನಂದು."