ಬೀರುವಿನೊಳಗೆ ಕೂತ ವೈಫೈ

ಅಪ್ಪನ ತಂಗಿ, ನಮ್ಮತ್ತೆಯನ್ನು, ಬೀದಿಯವರೆಲ್ಲ ಕವರಮ್ಮ ಎನ್ನುತ್ತಾರೆ. ಅವಳ ಮನೆಯಲ್ಲಿ ಮಿಕ್ಸಿಗೆ ಕವರು, ಫ್ರಿಜ್ಜಿನ ಹಿಡಿಗೆ ಕವರು, ಟಿವಿ ರಿಮೋಟಿಗೂ ಗುಂಡಿ ಹಚ್ಚಿದ ಕವರು. ಧೂಳೆಂದರೆ ಅವಳಿಗೆ ಆಗಿಬರುವುದಿಲ್ಲ. ಬಟ್ಟೆ ಅಂಗಡಿಯೊಂದರಲ್ಲಿ ಪರದೆಯ ಹಿಂದೆ ಕೂತು ಹೊಲಿದೇ ತಲೆ ನರೆತವಳು. ಗಿರಾಕಿಗಳಿಗೆ ಅವಳ ಹೊಲಿಗೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಕೈಕಟ್ಟಿ ಕೂತಿದ್ದಳು. ಈಗ ಲ್ಯಾಪ್‌ಟಾಪಿನಲ್ಲೇ ಹೊಲಿಗೆ ಕಲಿಸುವ ಶಾಲೆಯೊಂದು, ಒಂದು ಪಾಠ ಮಾಡಿ ತೋರಿಸಿ, ಹಿಡಿಸಿದರೆ ಕೆಲಸ ಕೊಡುತ್ತೇವೆ ಎಂದಿತ್ತು.

ಪಾಠದ ದಿನ ನಾನು ಹೋಗುವಷ್ಟರಲ್ಲಿ ವೈಫೈ ಕೈಕೊಟ್ಟಿತ್ತು.

"ನಿನ್ನೆ ಚೆನ್ನಾಗೇ ಇತ್ತು ಕಣೇ. ನಾನೇನೂ ಮುಟ್ಟಿಲ್ಲ," ಎಂದಳು ಅತ್ತೆ.

ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದೆ. ಪಾಸ್‌ವರ್ಡ್ ಮತ್ತೆ ಒತ್ತಿದೆ. ಸಿಗ್ನಲ್ಲಿನ ಒಂದೇ ಒಂದು ಗೆರೆ ಬರುತ್ತಿತ್ತು, ಹೋಗುತ್ತಿತ್ತು. ಹಾಳಾದ್ದು! ನನಗೋ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

ಅತ್ತೆಯ ಕಣ್ಣು ತುಂಬಿತು. "ಬಿಡು, ನನ್ನ ಹಣೇಲಿ ಬರೆದಿಲ್ಲ. ಆಗಲ್ಲ ಅಂತ ಫೋನ್ ಮಾಡಿ ಹೇಳ್ಬಿಡು."

"ಸುಮ್ನಿರು ಅತ್ತೆ! ಆ ದೀಪ ಮಿನುಗೋ ಡಬ್ಬಿ ಎಲ್ಲಿ?"

ಕಿಟಕಿ ಪಕ್ಕದ ಗೂಡು ಖಾಲಿಯಿತ್ತು. ವೈರು ಮಾತ್ರ ಗೋಡೆಗುಂಟ ಸಾಗಿ, ಕಬ್ಬಿಣದ ಬೀರುವಿನ ಬಾಗಿಲ ಸಂದಿಯಲ್ಲಿ ಮಾಯವಾಗಿತ್ತು. ಬಾಗಿಲು ತೆಗೆದೆ. ಮಡಿಸಿಟ್ಟ ಒಳ್ಳೆ ಬಟ್ಟೆಗಳ ಮೇಲೆ, ಹೂವಿನ ಕವರು ತೊಟ್ಟು, ವೈಫೈ ಡಬ್ಬಿ ಹಾಯಾಗಿ ಕೂತಿತ್ತು.

"ಮುಟ್ಟಿಲ್ಲ ಅಂದ್ಯಲ್ಲ?"

"ಜೋಪಾನ ಮಾಡ್ದೆ ಅಷ್ಟೇ. ಇಂಥಾ ದಿನವೇ ಧೂಳು ಹಿಡಿದು ಕೆಟ್ಟುಹೋದ್ರೆ?"

"ಕಬ್ಬಿಣದೊಳಗೆ ಕೂಡಿಹಾಕಿದ್ರೆ ಸಿಗ್ನಲ್ ಹೊರಗೆ ಬರೋದು ಹೇಗೆ ನನ್ನಮ್ಮಾ?"

ಬಯ್ಯಲು ಬಾಯಿ ತೆರೆದವಳು ನಕ್ಕುಬಿಟ್ಟೆ. ಕವರು ಕಳಚಿ ಡಬ್ಬಿಯನ್ನು ಬೀರುವಿನ ಮೇಲಿಟ್ಟೆ. ಗೆರೆಗಳೆಲ್ಲ ತುಂಬಿ ಬಂದವು. ಶಾಲೆಯ ಮುಖ್ಯಸ್ಥೆ ಪರದೆಯ ಮೇಲೆ ಮೂಡಿದರು.

"ಧ್ವನಿ ಕೇಳ್ತಿದೆ ಮೇಡಂ. ಮುಖ ಮಾತ್ರ ಕಾಣ್ತಿಲ್ಲ."

ಬಗ್ಗಿ ನೋಡಿದೆ. ಲ್ಯಾಪ್‌ಟಾಪಿನ ಕಪ್ಪು ಅಂಚಿನಲ್ಲಿ, ಕ್ಯಾಮೆರಾ ಕಣ್ಣಿಗೂ ಉಗುರಿನಷ್ಟು ಕಪ್ಪು ಬಟ್ಟೆಯ ಕವರು! ತೆಗೆಯಲು ಹೋದರೆ ಅತ್ತೆ ನನ್ನ ಕೈ ಹಿಡಿದಳು. "ಇಷ್ಟು ವರ್ಷ ಪರದೆ ಹಿಂದೇನೇ ಇದ್ದೋಳು ಕಣೇ ನಾನು," ಎಂದಳು. ಕೊನೆಗೆ ಅವಳೇ ಅದನ್ನು ಕಿತ್ತಳು.

"ಈಗ ಕಾಣ್ತಿದ್ದೀನಾ? ಸರಿ, ಕತ್ತರಿ ತಗೊಳ್ಳಿ."

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಪಾಠ ಮುಗಿದಾಗ ಮುಖ್ಯಸ್ಥೆ, "ಸೋಮವಾರದಿಂದಲೇ ಶುರು ಮಾಡಿ," ಎಂದರು.

ಸಂತೋಷದಲ್ಲಿ ನಾನು ಲ್ಯಾಪ್‌ಟಾಪಿಗೆ ಕವರು ತೊಡಿಸಲು ಹೊರಟೆ. ಅತ್ತೆ ತಡೆದಳು.

"ಇರ್ಲಿ ಬಿಡೇ. ಧೂಳು ಕೂತ್ರೆ ಒರೆಸಿದ್ರಾಯ್ತು."